ಊಟಿಯ ಚಳಿಯೂ ಎರಡು ಡಬ್ಬಿ ಎಣ್ಣೆಯೂ

ಚೆನ್ನೈಯಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಚಳಿಯೆಂಬುದು ನೆನಪಿನ ಸಂಗತಿ. ಮೈಸೂರಿನಲ್ಲಿಯೋ ಹಾಸನದಲ್ಲಿಯೋ ಮಾರ್ಗಶಿರದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟು ಅದು ಕರಗುವವರೆಗೆ ಕಾಯುತ್ತಿದ್ದೆವೆಂದು ಹೇಳಿದರೆ ಟಿ. ನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳು ನಕ್ಕುಬಿಡುತ್ತಾರೆ.

ಆದುದರಿಂದ ಕಳೆದ ಡಿಸೆಂಬರಿನಲ್ಲಿ ಎರಡು ಕಾರುಗಳಲ್ಲಿ ಒಂಬತ್ತು ಮಂದಿ ಊಟಿಗೆ ಹೊರಟಾಗ ಮನೆಯಲ್ಲಿ ಕಂಬಳಿ, ಕುಲಾವಿ, ಶುಂಠಿಯ ಕಷಾಯ ಎಂದು ಸಂಭ್ರಮವೇ ಸಂಭ್ರಮ. ಗಾಡಿಗಳಿಗೂ ಚಳಿಯ ಉಪಚಾರ ಆಗಬೇಕೆಂದು ನಮ್ಮ ಸೋದರಳಿಯನಿಗೆ ತೋರಿತು. ನಮ್ಮದು ಹದಿನೆಂಟು ವರ್ಷದ ಪೆಟ್ರೋಲ್ ಕಾರು. ಅದಕ್ಕೆ ಹಾಕುವ 20ಡಬ್ಲ್ಯೂ-40 ಎಣ್ಣೆ ಅರ್ಧ ಡಬ್ಬಿ ಉಳಿದಿತ್ತು. ಅವನದು ಹೊಸ ಡೀಸೆಲ್ ಕಾರು. ಅದರ 5ಡಬ್ಲ್ಯೂ-30 ಎಣ್ಣೆ ಒಂದು ಲೀಟರು ಮಿಕ್ಕಿತ್ತು. ತೆಳುವನ್ನೂ ಮಂದವನ್ನೂ ಸಮವಾಗಿ ಬೆರೆಸಿ ಎರಡು ಗಾಡಿಗೂ ಸುರಿದರೆ ಚಳಿಗೂ ಆಯಿತು, ಘಟ್ಟಕ್ಕೂ ಆಯಿತು ಎಂದು ಅವನ ಲೆಕ್ಕ. ಮನೆಯ ಹಿರಿಯರೂ ತಲೆಯಾಡಿಸಿದರು. ಕೊಬ್ಬರಿ ಎಣ್ಣೆಗೆ ಒಂದಿಷ್ಟು ಎಳ್ಳೆಣ್ಣೆ ಬೆರೆಸಿದರೆ ಅದು ಬೇಗ ಹೆಪ್ಪುಗಟ್ಟುವುದಿಲ್ಲವಷ್ಟೆ!

ಉಪಮಾನ ಸೊಗಸಾಗಿದೆ, ಅರ್ಧ ನಿಜವೂ ಹೌದು. ನೆಲದಡಿಯಿಂದ ಬಂದ ಖನಿಜ ಎಣ್ಣೆಯಲ್ಲಿ ಎಷ್ಟು ಶುದ್ಧಿ ಮಾಡಿದರೂ ಸ್ವಲ್ಪ ಮೇಣ ಉಳಿದಿರುತ್ತದೆ. ಕಡು ಚಳಿಯಲ್ಲಿ ಆ ಮೇಣ ಹರಳುಗಟ್ಟಿ ಬಲೆಯಂತೆ ಹೆಣೆದುಕೊಳ್ಳುತ್ತದೆ, ಎಣ್ಣೆ ಪಂಪಿಗೆ ಏರದೆ ಹೋಗುತ್ತದೆ. ಆಗ ಬೆಳಿಗ್ಗೆ ಎಂಜಿನ್ ಹೊರಟ ಮೊದಲ ಗಳಿಗೆಯಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ತೆಳುಮಾಡುವ ಉಪಾಯವೂ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಚಳಿನಾಡಿನ ವಿಮಾನಗಳ ಎಂಜಿನ್ ನಿಲ್ಲಿಸುವ ಮುನ್ನ ಅದರ ಎಣ್ಣೆಗೆ ಪೆಟ್ರೋಲನ್ನೇ ಬೆರೆಸುತ್ತಿದ್ದರು. ಮರುದಿನ ಎಂಜಿನ್ ಕಾದ ಮೇಲೆ ಆ ಪೆಟ್ರೋಲು ಆವಿಯಾಗಿ ಹೋಗುತ್ತಿತ್ತು.

ಆದರೆ ಈಗಿನ ಎಣ್ಣೆ ಬರಿಯ ಎಣ್ಣೆಯಲ್ಲ. ಮೇಣದ ಹರಳು ಕೂಡದಂತೆ ಒಂದು ಮದ್ದು, ಕಾದಾಗ ತೀರ ತೆಳುವಾಗದಂತೆ ಇನ್ನೊಂದು, ಮಸಿ ತೊಳೆಯಲು ಮತ್ತೊಂದು, ಹೀಗೆ ಆಯಾ ಎಣ್ಣೆಗೆ ಹೊಂದುವಂತೆ ಅಳೆದು ಸೇರಿಸಿರುತ್ತಾರೆ. ಎರಡನ್ನು ಕೂಡಿಸಿದರೆ ಮಂದತೆ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ನಿಜ. ಚಳಿಯಲ್ಲಿ ಅದು ಹೇಗೆ ಹರಿದೀತೆಂಬುದು ಮಾತ್ರ ಕೂಡಿ ಭಾಗಿಸುವ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅಡಿಗೆಯಲ್ಲಿ ಸಾರಿಗೂ ಹುಳಿಗೂ ನಡುವಣ ಪದಾರ್ಥ ಮಾಡಿದಂತೆ: ಉಣ್ಣಬಹುದು, ಹೆಸರು ಹೇಳಲಾಗದು.

ಇಷ್ಟಕ್ಕೂ ನಮಗೆ ಆ ಮಿಶ್ರಣ ಬೇಕೆ? ಡಬ್ಬಿಯ ಮೇಲಿನ ಡಬ್ಲ್ಯೂ ಎಂಬುದು ಚಳಿಗಾಲಕ್ಕೆ ಇಂಗ್ಲಿಷಿನಲ್ಲಿರುವ ಮಾತಿನ ಮೊದಲಕ್ಷರ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಹೆಚ್ಚಿನ ಚಳಿಗೆ ಒದಗುತ್ತದೆ. ಮುಂದಿನ ಅಂಕಿ ಕಾದ ಎಂಜಿನ್ನಿಗೆ ಸಂಬಂಧಪಟ್ಟದ್ದು. 20ಡಬ್ಲ್ಯೂ ಎಣ್ಣೆಯಲ್ಲಿ ಎಂಜಿನ್ ಸರಾಗವಾಗಿ ತಿರುಗೀತೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 5ಡಬ್ಲ್ಯೂ ಎಣ್ಣೆಯನ್ನಾದರೆ 30 ಡಿಗ್ರಿ ಕೆಳಗೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಗಳಲ್ಲಿ ತಲೈಕುಂದದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟುವುದುಂಟು, ಉಷ್ಣಮಾನ ಸೊನ್ನೆಯ ಆಸುಪಾಸಿಗೆ ಇಳಿಯುವುದುಂಟು. ಅಷ್ಟು ಚಳಿಗೆ ನಮ್ಮ ಹಳೆಯ ಎಣ್ಣೆಯೇ ಧಾರಾಳ. ಕೆನಡಾದಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮಾತು ಬೇರೆ. ಅವರಿಗೆ 0ಡಬ್ಲ್ಯೂ, 5ಡಬ್ಲ್ಯೂಗಳು ಅನ್ನದಷ್ಟೇ ಅವಶ್ಯ.

ಇದನ್ನೆಲ್ಲ ಹೇಳಿ ಅಳಿಯನ ಕೈಯಿಂದ ಆಲಿಕೆಯನ್ನು ಕಿತ್ತುಕೊಂಡೆವು. ಸೇಲಂ ದಾಟಿ, ಅವಿನಾಶಿ ದಾಟಿ, ರಾತ್ರಿಯೆಲ್ಲ ಬಂದು ಬೆಳಗಿನ ಐದು ಗಂಟೆಗೆ ಮೇಟ್ಟುಪಾಳಯದಲ್ಲಿ ಕಾಫಿಗೆ ನಿಂತಾಗ ಅಳತೆಕಡ್ಡಿ ಎಳೆದು ನೋಡುತ್ತೇವೆ: ನಮ್ಮ ಗಾಡಿಯ ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗೆ! ಮುಂದೆ ಘಟ್ಟ, ಹಿಂದಿನ ಆಸನದಲ್ಲಿ ಎಪ್ಪತ್ತೆಂಟರ ತಾಯಿ, ಒಂದು ಅಂಗಡಿಯೂ ತೆರೆದಿಲ್ಲ. ನಮ್ಮ ಡಬ್ಬಿ ಚೆನ್ನೈಯ ಅಟ್ಟದಲ್ಲೇ ಉಳಿದಿತ್ತು. ಅಳಿಯನ ಡಬ್ಬಿ ಮಾತ್ರ ಅವನ ಗಾಡಿಯಲ್ಲಿತ್ತು. ಮರುಮಾತಿಲ್ಲದೆ ಅದರಿಂದ ಅರ್ಧ ಲೀಟರು ಸುರಿದೆವು.

‘ನಿನ್ನೆ ಬೈದದ್ದು ಏಕೆ?’ ಎಂದ ಅಳಿಯ. ಕೇಳಬೇಕಾದ ಪ್ರಶ್ನೆಯೇ. ಎಣ್ಣೆ ಸಾಲದೆ ಘಟ್ಟ ಹತ್ತಿದರೆ ಎಂಜಿನ್ ಸುಟ್ಟೀತು. ಬೇರೆ ಎಣ್ಣೆ ಬೆರೆತರೆ ಅಂಥ ಕೇಡಿಲ್ಲ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಪರವಾನಗಿ ಮುದ್ರೆ ಪಡೆದ ಎಂಜಿನ್ ಎಣ್ಣೆಗಳು ಒಂದರೊಡನೊಂದು ಒಡೆಯದೆ ಬೆರೆಯಬೇಕೆಂಬ ನಿಯಮವೇ ಉಂಟು. ಒಂದು ಖನಿಜದ್ದು, ಇನ್ನೊಂದು ಕೃತಕ ಎಂದು ಹೆದರಬೇಕಾಗಿಲ್ಲ. (ಗೇರ್ ಎಣ್ಣೆಯನ್ನಾಗಲಿ, ಹಳೆಯ ಸ್ಕೂಟರಿನ ಟೂ-ಟಿ ಎಣ್ಣೆಯನ್ನಾಗಲಿ ಸುರಿಯುವ ಸಾಹಸ ಮಾತ್ರ ಬೇಡ.)

ಆದರೆ ಇದೇ ಕೆಲಸವನ್ನು ತಿರುಗಿಸಿ ಮಾಡಿದ್ದರೆ, ಎಂದರೆ ಅವನ ಡೀಸೆಲ್ ಕಾರಿಗೆ ನಮ್ಮ ಅಗ್ಗದ ಎಣ್ಣೆ ಬೆರೆಸಿದ್ದರೆ, ನಷ್ಟ ಅವನದಾಗುತ್ತಿತ್ತು. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಜರಡಿಯೊಂದು ಸೇರಿದೆ. ಮಸಿಯನ್ನು ಆ ಜರಡಿ ಸುಟ್ಟುಕೊಳ್ಳುತ್ತದೆ. ಎಣ್ಣೆಯ ಮದ್ದುಗಳಿಂದ ಬರುವ ಬೂದಿಯಾದರೋ ಸುಡದು, ಅಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೆಂದೇ ಬೂದಿ ಕಡಮೆಯಾದ ಎಣ್ಣೆ, ಬೆಲೆ ಹೆಚ್ಚು. ನಾಲ್ಕು ಕಾಸು ಉಳಿಸಲು ಹೋಗಿ ಜರಡಿಯನ್ನೇ ಬದಲಾಯಿಸಬೇಕಾದೀತು. ಇದನ್ನು ಕೇಳಿ ಅಳಿಯ ಮೌನವಾಗಿ ಕಾಫಿ ಕುಡಿದ.

ಅಂದ ಹಾಗೆ, ಚೆನ್ನೈಯ ಸೆಕೆಯಲ್ಲಿ ರೇಡಿಯೇಟರಿಗೆ ಬರಿಯ ನೀರು ತುಂಬಿಸಿಕೊಂಡು ಓಡಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಊಟಿಯ ಚಳಿಯಲ್ಲಿ ಎಣ್ಣೆಗಿಂತ ಆ ನೀರಿನ ಚಿಂತೆಯೇ ದೊಡ್ಡದು. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಲೋಹವನ್ನೇ ಸೀಳುತ್ತದೆ. ಹೊರಡುವ ಮೊದಲೇ ಕೂಲೆಂಟು ಹಾಕಿಸಿರಬೇಕು.

ಮರುದಿನ ಊಟಿಯಲ್ಲಿ ಕಾರಿನ ಗಾಜಿನ ಮೇಲೆಲ್ಲ ಬೆಳ್ಳನೆಯ ಹುಡಿ. ಎರಡು ಗಾಡಿಗಳೂ ಒಂದೇ ತಿರುವಿಗೆ ಎದ್ದವು. ಕರಗದೆ ಹಟ ಹಿಡಿದದ್ದು ತಾಯಿಯವರ ಕೊಬ್ಬರಿ ಎಣ್ಣೆ. ಸೀಸೆಯನ್ನು ಎಂಜಿನ್ನಿನ ಮೇಲಿಟ್ಟು ಕರಗಿಸಿಕೊಟ್ಟೆವು. ಊರಿಗೆ ಮರಳಿದ ವಾರದಲ್ಲಿ ಬೆರಕೆ ಎಣ್ಣೆಯನ್ನೆಲ್ಲ ಇಳಿಸಿ ಹೊಸದನ್ನು ತುಂಬಿಸಿದೆವು. ಅಟ್ಟದ ಡಬ್ಬಿ ಮುಂದಿನ ಪ್ರಯಾಣಕ್ಕೆಂದು ಈಗ ಕಾರಿನ ಹಿಂಬದಿಯಲ್ಲಿದೆ.