ಅಂಗುಳದ ಬಾಗಿಲು

ಮಕ್ಕಳೇ, ಈ ವಾರ ಒಂದು ಪುಟ್ಟ ಆಟದಿಂದ ಶುರು ಮಾಡೋಣ. ಎರಡು ಬೆರಳಿನಿಂದ ಮೂಗು ಹಿಡಿದುಕೊಂಡು ‘ಕಾಗೆ ಹಾರಿತು’ ಎನ್ನಿ. ಮಾತು ಸರಿಯಾಗಿಯೇ ಬಂತಲ್ಲವೆ? ಈಗ ಮೂಗು ಬಿಡದೆ ‘ಅಮ್ಮ ನಮ್ಮ ಮನೆ’ ಎನ್ನಿ. ನೆಗಡಿಯಾದವರ ಮಾತಿನ ಹಾಗೆ ಕೇಳಿಸುತ್ತದೆ. ಪಕ್ಕದಲ್ಲಿರುವ ಅಜ್ಜ ಅಜ್ಜಿಯಿಂದಲೂ ಹೇಳಿಸಿ ನೋಡಿ.

ಇದರ ಗುಟ್ಟು ನಮ್ಮ ವರ್ಣಮಾಲೆಯಲ್ಲೇ ಇದೆ. ಪ ಫ ಬ ಭ ಮ, ಐದೂ ತುಟಿ ಮುಚ್ಚಿ ಹೇಳುವ ಅಕ್ಷರಗಳೇ. ಮೊದಲ ನಾಲ್ಕಕ್ಕೆ ಗಾಳಿ ಬಾಯಿಂದ ಬರಬೇಕು. ‘ಮ’ ಹೇಳುವಾಗ ಮಾತ್ರ ಮೂಗಿನಿಂದ. ಅದಕ್ಕೇ ಙ ಞ ಣ ನ ಮ ಅಕ್ಷರಗಳನ್ನು ಅನುನಾಸಿಕ ಎಂದು ಮೇಷ್ಟ್ರು ಹೇಳಿಕೊಡುವುದು. ಗಾಳಿಯ ದಾರಿ ಬದಲಿಸುವ ಬಾಗಿಲು ಅಂಗುಳ, ಅಂದರೆ ಬಾಯಿಯ ಮೇಲ್ಭಾಗ. ನಾಲಿಗೆಯಿಂದ ಸವರಿ ನೋಡಿ: ಮುಂದೆ ಗಟ್ಟಿ, ಹಿಂದೆ ಮೆತ್ತಗೆ. ಆ ಮೆತ್ತನೆಯ ಭಾಗ ಮೇಲೆದ್ದು ಗಂಟಲಿನ ಹಿಂಗೋಡೆಗೆ ತಾಗಿದರೆ ಮೂಗಿನ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ನುಂಗುವಾಗ ಊಟ ಮೂಗಿಗೆ ಏರದಂತೆ ಕಾಯುವುದೂ ಅದೇ.

ತಾಯಿಯ ಹೊಟ್ಟೆಯಲ್ಲಿ ಮೊದಲ ಮೂರು ತಿಂಗಳೊಳಗೆ ಅಂಗುಳ ಎರಡು ಕಡೆಯಿಂದ ಬೆಳೆದು ಬಂದು ನಡುವೆ ಕೂಡಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಕೂಡಿಕೊಳ್ಳುವುದಿಲ್ಲ. ಅದೇ ಸೀಳು ಅಂಗುಳ. ಬಸುರಿ ಗ್ರಹಣ ನೋಡಿದ್ದರಿಂದ ಹೀಗಾಯಿತು ಎನ್ನುವ ಮಾತು ನಮ್ಮಲ್ಲಿ ಬಹಳ ಹಳೆಯದು. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅಜ್ಜಿಯರು ದಯವಿಟ್ಟು ಸೊಸೆಯನ್ನು ದೂರಬಾರದು.

ಸಾಮಾನ್ಯವಾಗಿ ಮಗುವಿಗೆ 9ರಿಂದ 18 ತಿಂಗಳಾಗುವ ಹೊತ್ತಿಗೆ, ಮಾತು ಬಲಿಯುವ ಮುಂಚೆ, ಸೀಳನ್ನು ಹೊಲಿಯುತ್ತಾರೆ. ಹೆಚ್ಚಿನ ಮಕ್ಕಳಿಗೆ ಅಷ್ಟೇ ಸಾಕು. ಕೆಲವರಿಗೆ ಸಾಲುವುದಿಲ್ಲ. ನಾನು ಇವತ್ತು ಬರೆಯಹೊರಟಿರುವುದು ಆ ಕೆಲವರ ವಿಷಯ.

ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಒಬ್ಬ ಗ್ರಾಹಕರು ಬರುತ್ತಿದ್ದರು. ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಒಳಗೆ ತಳ್ಳುವರು. ಸಾಲಿನಲ್ಲಿ ನಿಂತವರು ಅವರನ್ನು ಮೂಕರೆಂದೇ ತಿಳಿದಿದ್ದರು. ಒಂದು ದಿನ ಜನ ಕಡಿಮೆಯಿದ್ದಾಗ ಬಾಯಿ ತೆರೆದು ಮಾತಾಡಿದರು. ಎಲ್ಲ ಮೂಗಿನಲ್ಲಿ, ‘ಬಡ್ಡಿ’ ಎಂದದ್ದು ‘ಮಣ್ಣಿ’ ಎಂದು ಕೇಳಿಸಿತು. ಅವರಿಗೆ ಚಿಕ್ಕಂದಿನಲ್ಲಿ ಆಪರೇಷನ್ ಆಗಿತ್ತು. ಒಂದು ತೂತು ಉಳಿದಿತ್ತು. “ಒಂದು ಸಲ ಮಾಡಿಸಿ ಆಯ್ತಲ್ಲ, ಇನ್ನೇನಿದೆ ಅಂತ ಮನೇಲಿ ಬಿಟ್ಟುಬಿಟ್ರು ಸ್ವಾಮಿ” ಎಂದರು. ಆಗ ಅವರಿಗೆ ನಲವತ್ತು ದಾಟಿತ್ತು.

ಈ ‘ಇನ್ನೇನಿದೆ’ ಎನ್ನುವ ಮಾತಿಗೆ ಉತ್ತರವಿದೆ. ಮೊದಲ ಆಪರೇಷನ್ ಆದ ಮೇಲೆ ಮುಖ್ಯವಾಗಿ ಎರಡು ತೊಂದರೆ ಉಳಿಯಬಹುದು, ಎರಡನ್ನೂ ಸರಿಪಡಿಸಲು ಬರುತ್ತದೆ.

ಮೊದಲನೆಯದು ತೂತು. ಹೊಲಿಗೆಯ ಮೇಲೆ ಎಳೆತ ಬಿದ್ದರೆ, ಅಲ್ಲಿಗೆ ರಕ್ತ ಸರಿಯಾಗಿ ಬಾರದಿದ್ದರೆ, ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಹಾಲು ಕುಡಿದರೆ, ಪಾಯಸ ತಿಂದರೆ ಮೂಗಿನಲ್ಲಿ ಇಳಿಯುತ್ತದೆ. ತೀರ ಸಣ್ಣದಾಗಿ, ತೊಂದರೆ ಕೊಡದಿದ್ದರೆ ಹಾಗೇ ಬಿಡುವುದುಂಟು. ಇಲ್ಲವಾದರೆ ಪಕ್ಕದ ಅಂಗುಳದ ಅಥವಾ ಕೆನ್ನೆಯ ಒಳಪದರವನ್ನು ಸರಿಸಿ ಮುಚ್ಚುತ್ತಾರೆ. ತೂತು ದೊಡ್ಡದಾಗಿ, ಅಕ್ಕಪಕ್ಕವೆಲ್ಲ ಹಳೆಯ ಗಾಯದಿಂದ ಬಿಗಿದಿದ್ದರೆ ನಾಲಿಗೆಯ ಸಹಾಯ ಬೇಕಾಗುತ್ತದೆ. ಮಾವಿನ ಕಸಿ ನೋಡಿದ್ದೀರಲ್ಲ? ಕೊಂಬೆಯನ್ನು ತಾಯಿಗಿಡದಿಂದ ಕತ್ತರಿಸದೆ ಸಸಿಗೆ ಸೇರಿಸಿ ಕಟ್ಟಿ, ಕೂಡಿಕೊಂಡ ಮೇಲೆ ಬಿಡಿಸುತ್ತಾರೆ. ಇದೂ ಹಾಗೇ. ನಾಲಿಗೆಯ ಮೇಲಿನ ಒಂದು ಪಟ್ಟಿಯನ್ನು ಒಂದು ತುದಿ ಬಿಡದೆ ಎಬ್ಬಿಸಿ ತೂತಿಗೆ ಹೊಲಿಯುತ್ತಾರೆ. ಎರಡು ಮೂರು ವಾರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ರಕ್ತದ ದಾರಿ ಕೂಡಿಕೊಂಡ ಮೇಲೆ ಬಿಡಿಸುತ್ತಾರೆ.

ಎರಡನೆಯದು ಕಣ್ಣಿಗೆ ಕಾಣದ್ದು. ತೂತಿಲ್ಲ, ಹೊಲಿಗೆ ಚೆನ್ನಾಗಿ ಕೂಡಿದೆ, ಆದರೂ ಮಾತು ಮೂಗಿನಲ್ಲಿ. ಮೆತ್ತನೆಯ ಅಂಗುಳ ಗಿಡ್ಡವಾಗಿ ಹಿಂಗೋಡೆಗೆ ಎಟುಕುವುದಿಲ್ಲ, ಅಥವಾ ಅದರ ಸ್ನಾಯು ಸರಿಯಾಗಿ ಎಳೆಯುವುದಿಲ್ಲ. ಮಗು ಮಾತಾಡುತ್ತಿರುವಾಗಲೇ ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಕೊಳವೆ ಬಿಟ್ಟು ಬಾಗಿಲು ಎಷ್ಟು ಮುಚ್ಚುತ್ತದೆ ಎಂದು ನೋಡುತ್ತಾರೆ. ಆಮೇಲೆ ಸ್ನಾಯುಗಳನ್ನು ಮತ್ತೆ ಸರಿಯಾದ ದಿಕ್ಕಿಗೆ ಜೋಡಿಸುವುದು, ಇಲ್ಲವೆ ಅಂಕುಡೊಂಕಾಗಿ ಕತ್ತರಿಸಿ ಹೊಲಿದು ಅಂಗುಳವನ್ನು ಉದ್ದ ಮಾಡುವುದು, ಇಲ್ಲವೆ ಹಿಂಗೋಡೆಯಿಂದ ಒಂದು ಪಟ್ಟಿ ಎತ್ತಿ ಸೇತುವೆ ಕಟ್ಟುವುದು. ಸೇತುವೆಯ ಎರಡು ಪಕ್ಕದಲ್ಲಿ ಉಸಿರಿಗೆ ಕಿಂಡಿ ಬಿಟ್ಟಿರುತ್ತಾರೆ. ಕಿಂಡಿ ತೀರ ಕಿರಿದಾದರೆ ಗೊರಕೆ, ನಿದ್ದೆಯಲ್ಲಿ ಉಸಿರಿನ ತೊಂದರೆ. ಅಳತೆ ನೋಡಿ ಮಾಡಬೇಕಾದ ಕೆಲಸ.

ನಮ್ಮ ಬೀದಿಯ ಏಳು ವರ್ಷದ ಹುಡುಗಿಗೆ ಆದದ್ದು ಇದೇ ತೊಂದರೆ. ತರಗತಿಯಲ್ಲಿ ಹಾಜರಿ ಕೂಗಿದರೆ ‘ಎಸ್ ಮಿಸ್’ ಎನ್ನದೆ ಬರೀ ಕೈ ಎತ್ತುತ್ತಿದ್ದಳು. ಅವಳ ಅಜ್ಜಿ ನನ್ನ ಬಳಿ ಕಣ್ಣೀರಿಟ್ಟರು: “ಆ ಎಳೇ ಬಾಯಿಗೆ ಇನ್ನೊಂದು ಸಲ ಕತ್ತಿ ಹಾಕಿಸಬೇಕೇನ್ರಿ?” ಆ ಭಯ ಸುಳ್ಳಲ್ಲ. ಆದರೆ ಆ ಮಗು ಮುಂದೆ ಕೌಂಟರಿನಲ್ಲಿ ಚೀಟಿ ತಳ್ಳುವಂತಾಗಬಾರದು ಎಂದು ನನಗನ್ನಿಸಿತು, ಅದನ್ನೇ ಹೇಳಿದೆ. ಎರಡನೆಯ ಆಪರೇಷನ್ ಆಯಿತು. ಆದರೂ ಮಾತು ಮಾರನೆಯ ದಿನವೇ ತಿರುಗಲಿಲ್ಲ. ಬಾಗಿಲು ಸರಿಯಿಲ್ಲದಾಗ ಮಕ್ಕಳು ಗಂಟಲಿನಲ್ಲೇ ಶಬ್ದ ಹಿಡಿದು ಮಾತಾಡುವುದನ್ನು ಕಲಿತುಬಿಡುತ್ತಾರೆ. ಅದನ್ನು ಬಿಡಿಸುವುದು ವಾಕ್ ಚಿಕಿತ್ಸೆ. ಅಜ್ಜಿಯೇ ದಿನವೂ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಪಾಪ’ ಹೇಳಿಸುತ್ತಿದ್ದರು. ಕನ್ನಡಿಗೆ ಮಂಜು ಹಿಡಿಯದಿದ್ದರೆ ಗೆದ್ದ ಹಾಗೆ. ತಿಂಗಳುಗಟ್ಟಲೆ ಈ ಪಾಠ ನಡೆಯಿತು.

ಹಿರಿಯರು ನೆನಪಿಡಬೇಕಾದ ಕೆಲವು ಸಂಗತಿಗಳಿವೆ. ಮತ್ತೆ ಆಪರೇಷನ್ ಬೇಕಾಯಿತೆಂದರೆ ಮೊದಲನೆಯದು ಕೆಟ್ಟಿತು ಎಂದೇ ಅರ್ಥವಲ್ಲ. ಮಗು ಬೆಳೆದಂತೆ ಬಾಯಿ ಗಂಟಲಿನ ಅಳತೆಯೂ ಬದಲಾಗುತ್ತದೆ. ಅಂಗುಳ ಹೊಲಿದ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಹಳೆಯ ಆಪರೇಷನ್ ವಿಷಯ ಮೊದಲೇ ತಿಳಿಸಿ; ಅದನ್ನು ತೆಗೆದರೆ ಮಾತು ಮೂಗಿಗೆ ಏರಬಹುದು. ಕಿವಿಯನ್ನೂ ಪರೀಕ್ಷಿಸುತ್ತಿರಬೇಕು, ಈ ಮಕ್ಕಳಿಗೆ ನಡುಗಿವಿಯಲ್ಲಿ ನೀರು ತುಂಬುವುದು ಹೆಚ್ಚು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ಸೀಳುತುಟಿ, ಸೀಳು ಅಂಗುಳವೂ ಸೇರಿವೆ. ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ನೋಡಲು ಬರುವ ವೈದ್ಯರ ತಂಡವನ್ನು ಕೇಳಿ. ದೊಡ್ಡವರಿಗೂ ಚಿಕಿತ್ಸೆ ಉಂಟು. ಮಾತಿನ ರೂಢಿ ಬಿಡಿಸಲು ಮಾತ್ರ ಎಳವೆಯೇ ಮೇಲು.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ತರಗತಿಯಲ್ಲಿ ಮೂಗಿನಲ್ಲಿ ಮಾತಾಡುವ ಗೆಳೆಯ ಗೆಳತಿ ಇದ್ದರೆ ಅಣಕಿಸಬೇಡಿ. ಅವರು ಮುಗಿಸುವ ಮೊದಲೇ ನೀವು ಹೇಳಿಬಿಡಬೇಡಿ. ಅರ್ಥವಾಗದಿದ್ದರೆ ‘ಇನ್ನೊಂದು ಸಲ ಹೇಳು’ ಎನ್ನಿ, ಹೇಳಿ ಮುಗಿಸುವ ತನಕ ಕಾಯಿರಿ. ಅಂಗುಳದ ಬಾಗಿಲನ್ನು ಡಾಕ್ಟರು ಸರಿಮಾಡುತ್ತಾರೆ. ಮಾತಾಡುವ ಧೈರ್ಯ ಬರಬೇಕಾದರೆ ಎದುರಿಗೆ ಕೇಳುವವರೊಬ್ಬರು ಬೇಕು.