ವಿಬುಲೆಟಿನ್ ಪ್ರಕರಣ: ಸಂಸ್ಥೆ ಕೊಂಡವರಿಗೆ ದಕ್ಕಿದ್ದೇನು?

ತಂತ್ರಾಂಶ ಸಂಸ್ಥೆಯೊಂದನ್ನು ಖರೀದಿಸಿದವರಿಗೆ ಅದರ ಹೆಸರು, ಹಕ್ಕುಸ್ವಾಮ್ಯ ಹಾಗೂ ಗ್ರಾಹಕರ ಪಟ್ಟಿ ದೊರೆಯುತ್ತವೆ. ಆದರೆ ಅದನ್ನು ಕಟ್ಟಿದವರ ಅನುಭವ? ಬಳಕೆದಾರರ ವಿಶ್ವಾಸ? ಅಂತರ್ಜಾಲ ಚರ್ಚಾ ವೇದಿಕೆಗಳಿಗೆ ತಂತ್ರಾಂಶ ಒದಗಿಸುವ ವಿಬುಲೆಟಿನ್‌ನ ಇತಿಹಾಸ ಈ ಪ್ರಶ್ನೆಗಳಿಗೆ ಉತ್ತರಿಸುವಂತಿದೆ.

ಬ್ರಿಟನ್ನಿನ ಜೆಲ್‌ಸಾಫ್ಟ್ ಸಂಸ್ಥೆ 2000ದಲ್ಲಿ ಈ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಒಮ್ಮೆ ಪರವಾನಗಿ ಕೊಂಡವರು ವಾರ್ಷಿಕ ಶುಲ್ಕ ಪಾವತಿಸಿ ಹೊಸ ಆವೃತ್ತಿಗಳನ್ನು ಪಡೆಯಬಹುದಿತ್ತು. ಕೆಲವೇ ವರ್ಷಗಳಲ್ಲಿ ಅದು ಈ ಕ್ಷೇತ್ರದ ಪ್ರಮುಖ ಹೆಸರಾಯಿತು. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಇಂಟರ್‌ನೆಟ್ ಬ್ರ್ಯಾಂಡ್ಸ್ ಸಂಸ್ಥೆ ಜೆಲ್‌ಸಾಫ್ಟನ್ನು ತನ್ನದಾಗಿಸಿಕೊಂಡಿತು.

ಬಿಕ್ಕಟ್ಟು ತಲೆದೋರಿದ್ದು 2009ರಲ್ಲಿ. ನಾಲ್ಕನೇ ಆವೃತ್ತಿಯ ಹೊತ್ತಿಗೆ ಪರವಾನಗಿಯ ನಿಯಮಗಳು ಬದಲಾದವು. ಪ್ರತಿ ಪ್ರಮುಖ ಆವೃತ್ತಿಗೂ ಪ್ರತ್ಯೇಕವಾಗಿ ಹಣ ತೆರಬೇಕೆಂಬ ಪದ್ಧತಿಗೆ ಹಳೆಯ ಗ್ರಾಹಕರಿಂದ ತೀವ್ರ ಅಸಮಾಧಾನ ವ್ಯಕ್ತವಾಯಿತು. ಅದೇ ವರ್ಷ ಅಭಿವೃದ್ಧಿ ತಂಡದ ಮುಖ್ಯಸ್ಥ ಕಿಯರ್ ಡಾರ್ಬಿ ಸಂಸ್ಥೆಯಿಂದ ಹೊರನಡೆದರು. ತಂಡದ ಮಾಜಿ ಸದಸ್ಯರು 2010ರಲ್ಲಿ ಜೆನ್‌ಫೋರೋ ಎಂಬ ಪ್ರತಿಸ್ಪರ್ಧಿ ತಂತ್ರಾಂಶವನ್ನು ಪ್ರಕಟಿಸಿದರು.

ಇಂಟರ್‌ನೆಟ್ ಬ್ರ್ಯಾಂಡ್ಸ್ ನ್ಯಾಯಾಲಯದ ಮೊರೆಹೋಯಿತು. ಹಕ್ಕುಸ್ವಾಮ್ಯ ಉಲ್ಲಂಘನೆಯಾಗಿದೆ, ಒಪ್ಪಂದ ಮುರಿಯಲಾಗಿದೆ ಎಂಬುದು ಅದರ ಆರೋಪ. ಜೆನ್‌ಫೋರೋ ಇದನ್ನು ನಿರಾಕರಿಸಿತು. ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಹೂಡಲಾದ ಈ ವ್ಯಾಜ್ಯ 2013ರಲ್ಲಿ ಕೊನೆಗೊಂಡಿತು. ಆ ವೇಳೆಗಾಗಲೇ, ಅಂದರೆ 2011ರಲ್ಲೇ, ಜೆನ್‌ಫೋರೋದ ಮೊದಲ ಸ್ಥಿರ ಆವೃತ್ತಿ ಬಿಡುಗಡೆಯಾಗಿತ್ತು.

ಇಲ್ಲಿ ಎರಡು ನ್ಯಾಯಸಮ್ಮತ ವಾದಗಳು ಮುಖಾಮುಖಿಯಾಗುತ್ತವೆ. ಹಣ ತೆತ್ತು ಕೊಂಡ ಸಂಕೇತದ ಮೇಲೆ ಖರೀದಿದಾರನಿಗೆ ಹಕ್ಕಿದೆ. ವರ್ಷಗಟ್ಟಲೆ ದುಡಿದು ಗಳಿಸಿದ ಜ್ಞಾನದಿಂದ ಬದುಕು ಕಟ್ಟಿಕೊಳ್ಳುವ ಹಕ್ಕು ತಂತ್ರಜ್ಞನಿಗೂ ಇದೆ. ಒಂದರ ಗಡಿ ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ಆರಂಭವಾಗುತ್ತದೆ ಎಂಬುದೇ ಇಂತಹ ಪ್ರಕರಣಗಳ ತಿರುಳು. ಅದು ತೀರ್ಮಾನವಾಗುವವರೆಗೆ ಗ್ರಾಹಕ ಮಾತ್ರ ಅನಿಶ್ಚಿತತೆಯಲ್ಲಿ ಉಳಿಯುತ್ತಾನೆ.

ಈ ಅನಿಶ್ಚಿತತೆ ಸಣ್ಣದಲ್ಲ. ವೇದಿಕೆ ನಡೆಸುವವರ ಆಸ್ತಿಯೆಂದರೆ ಸದಸ್ಯರ ವಿವರ ಮತ್ತು ವರ್ಷಗಳ ಸಂವಾದ. ಅವೆರಡೂ ತಂತ್ರಾಂಶದ ಭದ್ರತೆಯನ್ನೇ ನಂಬಿವೆ. 2019ರ ಸೆಪ್ಟೆಂಬರಿನಲ್ಲಿ ವಿಬುಲೆಟಿನ್‌ನ ಐದನೇ ಆವೃತ್ತಿಯಲ್ಲಿ ಗಂಭೀರ ಲೋಪ ಬಹಿರಂಗಗೊಂಡಾಗ ಸಂಸ್ಥೆ ತ್ವರಿತವಾಗಿ ಪರಿಹಾರ ನೀಡಿತಾದರೂ, ಆ ಪರಿಹಾರವನ್ನೂ ದಾಟಬಹುದೆಂಬುದು 2020ರಲ್ಲಿ ಸಾಬೀತಾಯಿತು.

ನ್ಯಾಯಾಲಯದ ಕಟಕಟೆ ಏರಿದರೂ ಪೈಪೋಟಿ ನಿಲ್ಲಲಿಲ್ಲ. ಎರಡೂ ತಂತ್ರಾಂಶಗಳು ಮಾರುಕಟ್ಟೆಯಲ್ಲಿ ಉಳಿದುಕೊಂಡವು. ಆದ್ದರಿಂದ ತಂತ್ರಾಂಶ ಕೊಳ್ಳುವವರು ಬೆಲೆ, ಸೌಲಭ್ಯಗಳ ಜೊತೆಗೆ ಮತ್ತೆರಡು ಸಂಗತಿಗಳನ್ನು ವಿಚಾರಿಸುವುದು ಒಳಿತು. ಒಡೆತನ ಬದಲಾದರೆ ಪರವಾನಗಿಯ ಷರತ್ತುಗಳು ಉಳಿಯುತ್ತವೆಯೇ? ತಮ್ಮ ದತ್ತಾಂಶವನ್ನು ಹೊರಗೆ ಒಯ್ಯಲು ದಾರಿಯಿದೆಯೇ? ದಾರಿಯಿದ್ದರೆ ಗ್ರಾಹಕ ಸ್ವತಂತ್ರ. ಇಲ್ಲದಿದ್ದರೆ ಸಂಸ್ಥೆಯ ಜೊತೆಗೆ ಅವನೂ ಮಾರಾಟವಾದಂತೆಯೇ ಸರಿ.