ಬಣ್ಣ ಮೊದಲೋ, ನೆಲ ಮೊದಲೋ?

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ವರ್ಗಾವಣೆಯ ನೌಕರಿ ಹಿಡಿದು ಊರೂರು ಸುತ್ತುವ ನಮ್ಮಂಥವರು ಅದಕ್ಕೆ ಇನ್ನೊಂದು ಮಾತು ಸೇರಿಸಬಹುದು: ಪರಊರಿನಲ್ಲಿ ಹಳೆಯ ಮನೆ ರಿಪೇರಿ ಮಾಡಿಸಿ ನೋಡು. ಕಟ್ಟುವಾಗ ಎಂಜಿನಿಯರ್ ಇರುತ್ತಾನೆ, ನಕ್ಷೆ ಇರುತ್ತದೆ. ರಿಪೇರಿಗೆ ಇದಾವುದೂ ಇಲ್ಲ. ಬಣ್ಣದವನು ತನ್ನ ಕೆಲಸ ಹೇಳುತ್ತಾನೆ, ನೆಲದ ಪಾಲಿಶ್‌ನವನು ತನ್ನದು ಹೇಳುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ನಡುವೆ ನಿಂತು ಯಾರು ಮೊದಲು ಬರಬೇಕೆಂದು ನಿರ್ಧರಿಸಬೇಕಾದವರು ನಾವು. ಈ ನಿರ್ಧಾರವನ್ನು ಯಾರಿಗೆ ಮೊದಲು ಬಿಡುವು ಸಿಕ್ಕಿತೋ ಅವರಿಗೆ ಬಿಟ್ಟುಕೊಡಬಾರದು ಎನ್ನುವುದು ಈ ಬರಹದ ವಾದ.

ನಾನಿರುವುದು ನಾಗಪುರದ ಬಜಾಜ್ ನಗರದಲ್ಲಿ. ದಕ್ಷಿಣ ಅಂಬಾಝರಿ ರಸ್ತೆಗೆ ಹೊಂದಿಕೊಂಡ ಬಡಾವಣೆ. ಪಕ್ಕದಲ್ಲೇ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜು. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾಗಿ, 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಕರ್ನಾಟಕದಿಂದ ಇಲ್ಲಿಗೆ ಬಂದವರಿಗೆ ಆ ಫಲಕ ಕಂಡರೆ ಸ್ವಲ್ಪ ಧೈರ್ಯ ಬರುತ್ತದೆ. ಸುತ್ತಲಿನ ಹಳೆಯ ಮನೆ, ಫ್ಲ್ಯಾಟುಗಳಲ್ಲಿ ಈಗಲೂ ಮೊಸಾಯಿಕ್ ನೆಲ ಉಳಿದಿದೆ. ಕೆಲವು ಮನೆಗಳಲ್ಲಿ ರಾಜಸ್ಥಾನದ ಕೋಟಾ ಕಲ್ಲು, ಹಿತ್ತಲಲ್ಲಿ ‘ಶಹಾಬಾದಿ ಫರಶಿ’. ಈ ಕಲ್ಲಿಗೆ ಹೆಸರು ಬಂದದ್ದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಎಂದರೆ ಇಲ್ಲಿನವರು ಆಶ್ಚರ್ಯಪಡುತ್ತಾರೆ. ನನ್ನ ಜಿಲ್ಲೆಯ ಕಲ್ಲು ನನಗಿಂತ ಮೊದಲೇ ಮಹಾರಾಷ್ಟ್ರಕ್ಕೆ ವಲಸೆ ಬಂದಿದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಈಗಿನ ಹೊಸ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ಸ್ ನೆಲಕ್ಕೆ ಈ ತಲೆನೋವಿಲ್ಲ. ಅದನ್ನು ಅರೆದು ಹೊಳಪು ಕೊಡುವುದಿಲ್ಲ. ಮುಚ್ಚಿಟ್ಟು ಬಣ್ಣ ಹೊಡೆಸಿದರೆ ಮುಗಿಯಿತು. ಪ್ರಶ್ನೆ ಇರುವುದು ಮೊಸಾಯಿಕ್, ಕೋಟಾ, ಶಹಾಬಾದ್, ಮಾರ್ಬಲ್ ನೆಲಗಳಿಗೆ. ಇವನ್ನು ಮಷೀನ್ ಹಚ್ಚಿ, ನೀರು ಹಾಕಿ ಅರೆಯುತ್ತಾರೆ. ನಾಗಪುರದ ಮಿಸ್ತ್ರಿಗಳು ಇದಕ್ಕೆ ‘ಘಿಸಾಯಿ’ ಎನ್ನುತ್ತಾರೆ. ಮೊದಲು 60 ನಂಬರಿನ ಒರಟು ಕಲ್ಲು, ಆಮೇಲೆ 120, 220, ಕೊನೆಗೆ 400ರವರೆಗೆ; ನಂಬರು ಏರಿದಂತೆ ಕಲ್ಲು ನಯವಾಗುತ್ತದೆ. ಕೊನೆಯಲ್ಲಿ ಆಕ್ಸಾಲಿಕ್ ಪುಡಿ ಹಾಕಿ ತಿಕ್ಕಿ ಹೊಳಪು ತರುತ್ತಾರೆ. ಒರಟು ಕಲ್ಲಿನ ಹಂತದಲ್ಲಿ ಸಿಮೆಂಟು, ಕಲ್ಲಿನ ಪುಡಿ, ನೀರು ಸೇರಿ ಬೂದು ಬಣ್ಣದ ರಾಡಿ ಏಳುತ್ತದೆ. ಅದು ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ, ಕೆಲವೊಮ್ಮೆ ಅದಕ್ಕಿಂತ ಮೇಲಕ್ಕೂ ಸಿಡಿಯುತ್ತದೆ.

ಅಂದಮೇಲೆ ನೆಲವೇ ಮೊದಲು, ಆಮೇಲೆ ಬಣ್ಣ, ಅಷ್ಟೇ ತಾನೆ? ಅಷ್ಟು ಸುಲಭವಲ್ಲ. ಬಣ್ಣದ ಕೆಲಸವೆಂದರೆ ಬರೀ ಬ್ರಶ್ಶು, ರೋಲರ್ ಅಲ್ಲ. ಹಳೆಯ ಬಣ್ಣ ಕೆರೆಯಬೇಕು, ಬಿರುಕಿಗೆ ಗಾರೆ ತುಂಬಬೇಕು, ಪುಟ್ಟಿ ಹಚ್ಚಿ ಉಪ್ಪುಕಾಗದದಿಂದ ಉಜ್ಜಬೇಕು. ಆ ಬಿಳಿ ಪುಡಿ ಇಡೀ ಮನೆ ತುಂಬುತ್ತದೆ. ಏಣಿಯ ಕಾಲು, ಡಬ್ಬದ ತಳ ನೆಲ ಗೀರುತ್ತವೆ. ಹೊಳಪು ಮುಗಿದ ನೆಲದ ಮೇಲೆ ಇದೆಲ್ಲ ನಡೆದರೆ ಪಾಲಿಶ್‌ನವನಿಗೆ ಕೊಟ್ಟ ದುಡ್ಡು ವಾರದಲ್ಲೇ ಮಂಕಾಗುತ್ತದೆ.

ಹಾಗಾಗಿ ‘ಇದು ಮೊದಲೋ ಅದು ಮೊದಲೋ’ ಎಂಬ ಪ್ರಶ್ನೆಯೇ ಸರಿಯಿಲ್ಲ. ಎರಡೂ ಕೆಲಸಗಳಿಗೆ ಒರಟು ಭಾಗವೊಂದು, ನಯದ ಭಾಗವೊಂದು ಇದೆ. ಎರಡರ ಒರಟು ಭಾಗವನ್ನು ಮೊದಲು ಮುಗಿಸಿ, ಎರಡರ ನಯದ ಭಾಗವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕ್ರಮ ಹೀಗೆ.

ಎಲ್ಲಕ್ಕಿಂತ ಮೊದಲು ಒಡೆಯುವ ಕೆಲಸ: ನಲ್ಲಿಯ ಪೈಪು, ವೈರಿಂಗ್, ಸೋರುವ ಬಚ್ಚಲು. ಇದು ಮುಗಿಯದೆ ಉಳಿದ ಯಾವುದನ್ನೂ ಮುಟ್ಟಬಾರದು. ಎರಡನೆಯದಾಗಿ ಗೋಡೆ ಕೆರೆದು, ಗಾರೆ ತುಂಬಿ, ಮೊದಲ ಸುತ್ತಿನ ಪುಟ್ಟಿ ಹಚ್ಚುವುದು. ಕೆಳಗೆ ಬಿದ್ದರೂ ಚಿಂತೆಯಿಲ್ಲ, ನೆಲ ಇನ್ನೂ ಹಳೆಯದೇ. ಮೂರನೆಯದು ನೆಲದ ಒರಟು ಅರೆತ. ಸಂದಿ, ತೂತುಗಳಿಗೆ ಬಣ್ಣ ಹೊಂದುವ ಸಿಮೆಂಟ್ ತುಂಬಿ, ಕೆಲವು ದಿನ ಗಟ್ಟಿಯಾಗಲು ಬಿಟ್ಟು, ಇನ್ನೊಮ್ಮೆ ಅರೆಯುವುದು. ಗೋಡೆಗೆ ಸಿಡಿದ ರಾಡಿ ಮುಂದಿನ ಉಜ್ಜುವಿಕೆಯಲ್ಲಿ ಹೋಗುತ್ತದೆ. ನಾಲ್ಕನೆಯದಾಗಿ ಎರಡನೆಯ ಸುತ್ತಿನ ಪುಟ್ಟಿ, ಉಜ್ಜುವಿಕೆ, ಪ್ರೈಮರ್, ಬಣ್ಣದ ಮೊದಲ ಕೋಟ್. ಬಾಗಿಲು ಕಿಟಕಿಯ ಕೆಲಸವೂ ಇಲ್ಲೇ. ಐದನೆಯದು ನೆಲದ ನಯದ ಅರೆತ ಮತ್ತು ಹೊಳಪು. ಈ ಹಂತದಲ್ಲಿ ರಾಡಿ ಕಡಿಮೆ. ಆರನೆಯದಾಗಿ ಸ್ಕರ್ಟಿಂಗ್‌ಗೆ ಟೇಪ್ ಅಂಟಿಸಿ, ಒಣಗಿದ ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಬಣ್ಣದ ಕೊನೆಯ ಕೋಟ್. ಹಾಸಲು ಪತ್ರಿಕೆ ಬೇಡ. ಪತ್ರಿಕೆಯಲ್ಲೇ ಬರೆಯುತ್ತಾ ಇದನ್ನು ಹೇಳಬೇಕಾಗಿದೆ! ಕಲ್ಲಿನಲ್ಲಿ ತೇವವಿದ್ದರೆ ಅಕ್ಷರದ ಮಸಿ ಇಳಿದು ಕಲೆ ಉಳಿಯುತ್ತದೆ.

ಕೊನೆಗೆ ಬಣ್ಣವೇ ಏಕೆ ಬರಬೇಕು? ಯಾವ ಕೆಲಸ ತಂದಿಡುವ ಹಾನಿಯನ್ನು ಸುಲಭವಾಗಿ ಅಳಿಸಬಹುದೋ ಅದು ಕೊನೆಗೆ ಬರಬೇಕು. ಹೊಳಪಿನ ಕಲ್ಲಿನ ಮೇಲೆ ಬಿದ್ದ ಬಣ್ಣದ ಹನಿಯನ್ನು ಹಸಿಯಿದ್ದಾಗಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆದರೆ ಮುಗಿದ ಗೋಡೆಗೆ ರಾಡಿ ಸಿಡಿದರೆ ಅಲ್ಲಷ್ಟೇ ಬಣ್ಣ ಹಚ್ಚಿ ಮುಚ್ಚಲು ಬರುವುದಿಲ್ಲ. ತೇಪೆ ಎದ್ದು ಕಾಣುತ್ತದೆ, ಇಡೀ ಗೋಡೆಗೇ ಹೊಡೆಯಬೇಕಾಗುತ್ತದೆ. ನಮ್ಮ ಕಟ್ಟಡದಲ್ಲೇ ಒಂದು ಕುಟುಂಬ ಮಗಳ ಮದುವೆಗೆಂದು ಬಣ್ಣವೆಲ್ಲ ಮುಗಿಸಿ, ನೆಲವೂ ಹೊಳೆಯಲಿ ಎಂದು ಆಮೇಲೆ ಪಾಲಿಶ್‌ನವರನ್ನು ಕರೆಸಿತು. ಹಾಲಿನ ನಾಲ್ಕೂ ಗೋಡೆಗೆ ಎರಡನೇ ಸಲ ಬಣ್ಣ ಹೊಡೆಸಬೇಕಾಯಿತು. ಬಣ್ಣದವನು ‘ನಂದೇನೂ ತಪ್ಪಿಲ್ಲ’ ಎಂದ. ಪಾಲಿಶ್‌ನವನು ‘ನೀರಿಲ್ಲದೆ ಕಲ್ಲು ಅರೆಯೋದು ಹೇಗೆ’ ಎಂದ. ಇಬ್ಬರ ಮಾತೂ ನಿಜವೇ. ಖರ್ಚು ಮಾತ್ರ ಮನೆಯವರದು.

ಇಲ್ಲೊಂದು ಎಚ್ಚರಿಕೆ. ಅಮೆರಿಕದಲ್ಲಿರುವ ನಮ್ಮವರು ಕಳಿಸುವ ವಿಡಿಯೊಗಳಲ್ಲಿ ಬಣ್ಣ ಮೊದಲು, ನೆಲ ಕೊನೆಗೆ ಎಂಬ ಸಲಹೆ ಇರುತ್ತದೆ. ಅದು ಮರದ ನೆಲದ ಮಾತು. ಅಲ್ಲಿ ಧೂಳು ಹೀರುವ ಯಂತ್ರ ಜೋಡಿಸಿಕೊಂಡು ಒಣದಾಗಿಯೇ ಉಜ್ಜುತ್ತಾರೆ, ಮೇಲೆ ವಾರ್ನಿಶ್ ಪದರ ಕೊಡುತ್ತಾರೆ. ಆ ಪದರ ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಅಷ್ಟರಲ್ಲಿ ಏಣಿ ಇಟ್ಟರೆ ಕೆಟ್ಟಿತು. ಅವರ ಕಾರಣ ಅವರಿಗೆ ಸರಿ. ನಮ್ಮ ಮೊಸಾಯಿಕ್ ನೆಲಕ್ಕೆ ಅದನ್ನು ತಂದು ಹಚ್ಚಿದರೆ ಎಡವಟ್ಟು.

‘ಎರಡು ಸಲ ಮಷೀನ್ ತರಬೇಕು ಸಾಹೇಬ್, ಖರ್ಚು ಬೀಳುತ್ತೆ’ ಎಂದು ಪಾಲಿಶ್‌ನವರು ಹೇಳುವುದು ಖಂಡಿತ. ಹೇಳಲಿ. ಒಂದು ಸಲದ ಟೆಂಪೊ ಬಾಡಿಗೆ ಹೆಚ್ಚಾಗುತ್ತದೆ, ನಿಜ. ಆದರೆ ಅದು ಗೋಡೆಗೆ ಮತ್ತೆ ಬಣ್ಣ ಹೊಡೆಸುವ ಖರ್ಚಿಗಿಂತ ಕಡಿಮೆ. ಅದಕ್ಕೂ ಒಪ್ಪದಿದ್ದರೆ, ಗೋಡೆ ಕೆರೆದು ಪುಟ್ಟಿ ಉಜ್ಜುವುದನ್ನು ಪೂರ್ತಿ ಮುಗಿಸಿ, ನೆಲವನ್ನು ಒಂದೇ ಸಲಕ್ಕೆ ಮಾಡಿಸಿ, ಚೆನ್ನಾಗಿ ಮುಚ್ಚಿ ಬಣ್ಣ ಹೊಡೆಸಿ. ಬಣ್ಣ ಪೂರ್ತಿ ಮುಗಿಸಿ ಆಮೇಲೆ ನೆಲ ಎಂಬುದಕ್ಕೆ ಮಾತ್ರ ಒಪ್ಪಬೇಡಿ.

ಹಣಕ್ಕಿಂತ ದೊಡ್ಡ ಕಾರಣವೊಂದಿದೆ. ಬಣ್ಣದವರು ಅಂಚು ನೀಟಾಗಿ ಬರಲೆಂದು ಸ್ವಿಚ್‌ಬೋರ್ಡಿನ ಮುಚ್ಚಳ ಬಿಚ್ಚಿಡುತ್ತಾರೆ. ಅದೇ ದಿನ ಪಕ್ಕದ ಕೋಣೆಯಲ್ಲಿ ಪಾಲಿಶ್ ಮಷೀನ್ ಓಡುತ್ತಿದ್ದರೆ ನೆಲದ ತುಂಬ ನೀರು, ನೀರಿನಲ್ಲಿ ತೇಪೆ ಹಾಕಿದ ವೈರು, ಬರಿಗಾಲಲ್ಲಿ ನಿಂತ ಹುಡುಗ. ಒದ್ದೆ ನೆಲದ ಮೇಲೆ ಏಣಿ ಹತ್ತಿದ ಇನ್ನೊಬ್ಬ. ಹಬ್ಬದ ಗಡುವಿಗೆ ಎರಡೂ ತಂಡಗಳನ್ನು ಒಟ್ಟಿಗೆ ಮನೆಯೊಳಗೆ ನುಗ್ಗಿಸಿದಾಗ ಆಗುವುದು ಇದೇ. ಕೆಲಸದ ಕ್ರಮ ಗೋಡೆಯ ಅಂದಕ್ಕಷ್ಟೇ ಸಂಬಂಧಿಸಿದ್ದಲ್ಲ, ಆ ಹುಡುಗನ ಜೀವಕ್ಕೂ ಸಂಬಂಧಿಸಿದ್ದು. ಎರಡು ತಂಡಗಳು ಒಂದೇ ದಿನ ಬೇಡ. ಮಷೀನ್ ಚಾಲೂ ಆಗುವ ಮೊದಲು ಬೋರ್ಡುಗಳೆಲ್ಲ ಮುಚ್ಚಿರಬೇಕು, ಅರ್ಥಿಂಗ್ ಸರಿಯಿರಬೇಕು, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಬ್ರೇಕರ್ ಮನೆಯ ಮೇನ್ ಬೋರ್ಡಿನಲ್ಲಿರಬೇಕು. ತೇಪೆ ವೈರು ಕಂಡರೆ ಬದಲಿಸಿ ತನ್ನಿ ಎನ್ನಬೇಕು. ಬೂಟು ಇಲ್ಲದಿದ್ದರೆ ಒಂದು ಜೊತೆ ಗಂಬೂಟು ನಾವೇ ಕೊಡಿಸಬಹುದು. ಅದರಿಂದ ಯಾರ ಬಜೆಟ್ಟೂ ಮುಳುಗುವುದಿಲ್ಲ.

ಧೂಳಿನ ವಿಷಯವೂ ಹಾಗೆಯೇ. ಕಲ್ಲು, ಸಿಮೆಂಟನ್ನು ಒಣದಾಗಿ ಅರೆದರೆ, ಕತ್ತರಿಸಿದರೆ ಸಿಲಿಕಾ ಇರುವ ಸಣ್ಣ ಪುಡಿ ಶ್ವಾಸಕೋಶಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ‘ಮೂಲೆಗಳನ್ನಷ್ಟೇ ಒಣದಾಗಿ ಉಜ್ಜುತ್ತೇವೆ’ ಎಂದರೂ ನೀರು ಹಾಕಿಯೇ ಮಾಡಿಸಿ. ಹಳೆಯ ಮನೆಯ ಬಣ್ಣ ಕೆರೆಯುವಾಗಲೂ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎಣ್ಣೆಬಣ್ಣದ ಬಾಗಿಲು ಕಿಟಕಿಗಳಲ್ಲಿ ಸೀಸ ಇರಬಹುದು. ಒದ್ದೆ ಮಾಡಿ ಉಜ್ಜಿಸಿ, ಪುಡಿ ಗುಡಿಸುವ ಬದಲು ಒರೆಸಿಸಿ. ಚಿಕ್ಕ ಮಕ್ಕಳು, ಬಸುರಿಯರು, ದಮ್ಮಿನ ತೊಂದರೆ ಇರುವ ಹಿರಿಯರು ಆ ದಿನಗಳಲ್ಲಿ ಮನೆಯಲ್ಲಿ ಇರಬಾರದು. ನನ್ನ ಅವ್ವನನ್ನು ಆ ಎರಡು ವಾರ ಊರಿಗೆ ಕಳಿಸಿದ್ದೆವು. ಇನ್ನು ಆ ಬೂದು ರಾಡಿಯನ್ನು ಬಚ್ಚಲಿಗೆ ಸುರಿಯಲು ಬಿಡಬೇಡಿ. ಪೈಪಿನಲ್ಲಿ ಕೂತು ಗಟ್ಟಿಯಾದರೆ ಕೆಳಗಿನ ಮನೆಯವರೊಂದಿಗೆ ಜಗಳ ಗ್ಯಾರಂಟಿ. ಬಕೆಟ್ಟಿನಲ್ಲಿ ತಳಕ್ಕಿಳಿಯಲು ಬಿಟ್ಟು, ಕೆಸರನ್ನು ಚೀಲಕ್ಕೆ ತುಂಬಿ, ಒಡೆದ ಗಾರೆಯ ಜೊತೆ ಸಾಗಿಸಬೇಕು.

ಇನ್ನು ಕಾಲದ ಲೆಕ್ಕ. ಮರಾಠಿಯಲ್ಲಿ ದೀಪಾವಳಿಗೆ ‘ದಿವಾಳಿ’ ಎನ್ನುತ್ತಾರೆ. ಹಬ್ಬಕ್ಕೆ ಮೊದಲೇ ಬಣ್ಣ ಆಗಲೇಬೇಕೆಂದು ಹಟ ಹಿಡಿದ ಕನ್ನಡಿಗನಿಗೆ ಆ ಪದದ ಕನ್ನಡ ಅರ್ಥ ಬೇಗ ಅನುಭವಕ್ಕೆ ಬರುತ್ತದೆ. ಗಣೇಶ ಚೌತಿ ಮುಗಿದದ್ದೇ ಊರಿಗೆ ಊರೇ ಪೇಂಟರ್‌ಗಳ ಹಿಂದೆ ಬೀಳುತ್ತದೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನೂ ಒಣಗಿರುವುದಿಲ್ಲ. ಹಸಿ ಗೋಡೆಗೆ ಹೊಡೆದ ಬಣ್ಣ ಸಿಪ್ಪೆ ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವರ್ಗಾವಣೆಯವರ ಮನೆ ಖಾಲಿ ಸಿಗುತ್ತದೆ, ಅದೊಂದು ಅನುಕೂಲ. ಆದರೆ 45 ಡಿಗ್ರಿ ಮುಟ್ಟುವ ನಾಗಪುರದ ಬಿಸಿಲಲ್ಲಿ ಪುಟ್ಟಿ ಬೇಗ ಒಣಗಿ ಬಿರುಕು ಬಿಡುತ್ತದೆ, ಸಂದಿಗೆ ತುಂಬಿದ ಸಿಮೆಂಟಿಗೆ ಪದೇಪದೇ ನೀರುಣಿಸಬೇಕು. ಕೂಲರ್ ಹಚ್ಚಿದರೆ ಕೋಣೆಯ ತೇವ ಏರುತ್ತದೆ. ನನ್ನ ಮಟ್ಟಿಗೆ ದೀಪಾವಳಿ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರುವರಿವರೆಗಿನ ಒಣ ಚಳಿಗಾಲವೇ ಸರಿಯಾದ ಹೊತ್ತು. ಕೆಲಸಗಾರರಿಗೂ ಅವಸರವಿರುವುದಿಲ್ಲ. ಒಂದು ಹಬ್ಬಕ್ಕೆ ಹಳೆಯ ಗೋಡೆಯ ಮುಂದೆಯೇ ದೀಪ ಹಚ್ಚಿದರೆ ಲಕ್ಷ್ಮಿ ಮುನಿಸಿಕೊಳ್ಳುವುದಿಲ್ಲ.

‘ಇಷ್ಟೆಲ್ಲ ಯಾಕೆ, ಹಳೆ ನೆಲದ ಮೇಲೇ ಹೊಸ ಟೈಲ್ಸ್ ಹಾಕಿಸಿ ಬಿಡಿ’ ಎನ್ನುವವರೂ ಇದ್ದಾರೆ. ಅವಸರ ಬೇಡ. ನೆಲ ಮೇಲೇರುತ್ತದೆ, ಪ್ರತಿ ಬಾಗಿಲಿನ ಬುಡ ಕೊಯ್ಯಬೇಕು, ಬಚ್ಚಲಿನ ಹೊಸ್ತಿಲ ಎತ್ತರ ಕಡಿಮೆಯಾಗುತ್ತದೆ, ಕಟ್ಟಡದ ಮೇಲೆ ಭಾರ ಕೂಡುತ್ತದೆ. ಮೊಸಾಯಿಕ್ ಟೈಲಿನ ಮೇಲ್ಪದರ ಕೆಲವೇ ಮಿಲಿಮೀಟರ್ ದಪ್ಪ, ಪದೇಪದೇ ಆಳವಾಗಿ ಅರೆಯಲು ಬರುವುದಿಲ್ಲ, ನಿಜ. ಆದರೆ ಸರಿಯಾಗಿ ಒಮ್ಮೆ ಮಾಡಿಸಿ, ಆಸಿಡ್ ಹಾಕಿ ತೊಳೆಯುವ ಚಟ ಬಿಟ್ಟರೆ ಅದು ಎಷ್ಟೋ ವರ್ಷ ಬಾಳುತ್ತದೆ. ಕೋಟಾ, ಶಹಾಬಾದ್ ಎರಡೂ ಸುಣ್ಣಕಲ್ಲು. ಆಸಿಡ್ ಅವುಗಳ ಹೊಳಪನ್ನು ತಿಂದುಹಾಕುತ್ತದೆ.

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ಭಾಷೆಯ ಅಂಜಿಕೆಯಿಂದಲೋ, ‘ಹೇಗೂ ರಿಟೈರ್ ಆದ ಮೇಲೆ ಊರಿಗೆ ಹೋಗುವವರು’ ಎಂಬ ಉದಾಸೀನದಿಂದಲೋ ನಾವು ಒಬ್ಬ ಗುತ್ತಿಗೆದಾರನ ಕೈಗೆ ಬೀಗದಕೈ ಕೊಟ್ಟು ಆಫೀಸಿಗೆ ಹೋಗಿಬಿಡುತ್ತೇವೆ. ಗುತ್ತಿಗೆದಾರ ಕೆಟ್ಟವನೆಂದಲ್ಲ. ಅವನ ಕ್ರಮ ಅವನ ಆಳುಗಳ ಬಿಡುವಿನಂತೆ ಇರುತ್ತದೆ, ನಮ್ಮ ಮನೆಯ ಅಗತ್ಯದಂತೆ ಅಲ್ಲ. ಇಲ್ಲಿ ಪೇಂಟರ್‌ಗೆ ‘ರಂಗಾರಿ’, ಅರೆಯುವುದಕ್ಕೆ ‘ಘಿಸಾಯಿ’: ಹತ್ತು ಪದ ಕಲಿತರೆ ಸಾಕು, ಮಾತಾಡಬಹುದು. ಬಣ್ಣದವನನ್ನೂ ನೆಲದವನನ್ನೂ ಒಂದು ಭಾನುವಾರ ಒಟ್ಟಿಗೆ ಕರೆಸಿ, ಚಹಾ ಕೊಟ್ಟು, ಆರು ಹಂತಗಳನ್ನು ಒಂದು ಹಾಳೆಯಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಬರೆದು ಗೋಡೆಗೆ ಅಂಟಿಸಿ. ಹಣವನ್ನೂ ಅದೇ ಹಂತಗಳಿಗೆ ಕಟ್ಟಿ. ಕೊನೆಯ ಕಂತು ಟೇಪ್ ಕಿತ್ತು, ನೆಲ ಒರೆಸಿದ ಮೇಲೆ. ಹೀಗೆ ಮಾಡಿದಾಗ ನಮ್ಮ ಮನೆಯಲ್ಲಿ ಇಬ್ಬರೂ ಮಿಸ್ತ್ರಿಗಳು ಮೊದಲ ಬಾರಿಗೆ ಪರಸ್ಪರ ಫೋನ್ ನಂಬರ್ ತೆಗೆದುಕೊಂಡರು. ಈಗ ಬಡಾವಣೆಯ ಬೇರೆ ಮನೆಗಳಿಗೂ ಜೊತೆಯಲ್ಲೇ ಹೋಗುತ್ತಿದ್ದಾರೆ, ಒಬ್ಬರ ನಂತರ ಒಬ್ಬರು.

ಬಾಡಿಗೆ ಮನೆಯಲ್ಲಿರುವವರಿಗೂ ಇದು ಅನ್ವಯಿಸುತ್ತದೆ. ಮಾಲೀಕರು ಬಣ್ಣ ಹೊಡೆಸುತ್ತೇವೆ ಎಂದಾಗ, ನೆಲದ ಕೆಲಸವೂ ಇದೆಯೇ, ಇದ್ದರೆ ಯಾವಾಗ ಎಂದು ಸಾಮಾನು ಇಳಿಸುವ ಮೊದಲೇ ಕೇಳಿ. ಇಳಿಸಿದ ಮೇಲೆ ಕೇಳಿದರೆ ಉತ್ತರ ಏನೇ ಬಂದರೂ ಕಪಾಟು ಹೊರುವವರು ನೀವೇ.